ಒಂದು ಎಳೆ ಹೆಚ್ಚಾದರೆ: ಗರ್ಭಸ್ಥ ಶಿಶುವಿನ ಪರೀಕ್ಷೆಯೂ ತಾಯಿಯ ನಿರ್ಧಾರವೂ

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ಉತ್ತರಕ್ಕೆ ಹೋದರೆ ಯಲಹಂಕದ ಬಳಿ ಕೋಗಿಲು ಕ್ರಾಸು ಸಿಗುತ್ತದೆ. ಒಂದು ಕಾಲಕ್ಕೆ ಕೆರೆಯೂ ರಾಗಿಹೊಲಗಳೂ ಇದ್ದ ಹಳ್ಳಿ ಕೋಗಿಲು. ಈಗ ಅದು ಬೆಂಗಳೂರಿನದೇ ಒಂದು ಭಾಗ. ಇಂಥ ಬಡಾವಣೆಗಳಲ್ಲಿ ಯಾವ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ ಒಂದು ಫಲಕ ನಿಮ್ಮ ಕಣ್ಣಿಗೆ ಬೀಳುತ್ತದೆ: ಭ್ರೂಣದ ಲಿಂಗವನ್ನು ಇಲ್ಲಿ ತಿಳಿಸುವುದಿಲ್ಲ, ತಿಳಿಸುವುದು ಅಪರಾಧ, ಎಂದು. ಇದು 1994ರ ಕಾಯಿದೆಯೊಂದರ ಕಟ್ಟಪ್ಪಣೆ. ಆದರೆ ಅದೇ ಕಾಯಿದೆ ಇನ್ನೊಂದು ಪ್ರಶ್ನೆಗೆ ಅವಕಾಶ ಕೊಟ್ಟಿದೆಯೆಂಬುದು ಅನೇಕರಿಗೆ ತಿಳಿಯದು. ಗಂಡೋ ಹೆಣ್ಣೋ ಎಂದು ಕೇಳುವಂತಿಲ್ಲ. ಗರ್ಭದಲ್ಲಿರುವ ಮಗುವಿನ ವರ್ಣತಂತುಗಳಲ್ಲಿ ಏನಾದರೂ ವ್ಯತ್ಯಾಸವುಂಟೇ ಎಂದು, ಕೆಲವು ಷರತ್ತುಗಳಿಗೆ ಒಳಪಟ್ಟು, ಕೇಳಬಹುದು.

ಈ ಪ್ರಶ್ನೆಗೆ ಉತ್ತರ ಬರುವುದು ಸಾಮಾನ್ಯವಾಗಿ ತಾಯಿಗೆ ನಾಲ್ಕು ಐದು ತಿಂಗಳು ತುಂಬುವ ಹೊತ್ತಿಗೆ. ಮನೆಯಲ್ಲಿ ಸೀಮಂತದ ಮಾತು ನಡೆದಿರುತ್ತದೆ. ಬಾಣಂತನ ತವರಿನಲ್ಲೋ ಇಲ್ಲಿಯೋ ಎಂಬ ಚರ್ಚೆ ಆರಂಭವಾಗಿರುತ್ತದೆ. ಅಂಥ ಸಮಯದಲ್ಲಿ ಕೈಗೆ ಒಂದು ವರದಿ ಬರುತ್ತದೆ. ಅದರಲ್ಲಿ ಒಂದು ಅಂಕಿ, ಅದರ ಪಕ್ಕದಲ್ಲಿ ‘ಹೈ ರಿಸ್ಕ್’ ಎಂಬ ಎರಡು ಮಾತು. ಆ ಅಂಕಿಗೆ ಏನರ್ಥ, ಅದನ್ನು ಎಷ್ಟರಮಟ್ಟಿಗೆ ನಂಬಬೇಕು, ಮುಂದೆ ಮಾಡಬೇಕಾದುದೇನು, ನಿರ್ಧರಿಸುವವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಕುರಿತು ಇಲ್ಲಿ ವಿಚಾರಮಾಡೋಣ.

ನಲವತ್ತಾರರ ಲೆಕ್ಕ

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ದಾರದ ಎಳೆಗಳಂತಿರುವ ವರ್ಣತಂತುಗಳಿವೆ. ಕ್ರೋಮೊಸೋಮುಗಳೆಂದು ವೈದ್ಯರು ಹೇಳುವುದು ಇವುಗಳನ್ನೇ. ಮಗು ತಂದೆಯನ್ನೋ ತಾಯಿಯನ್ನೋ ಹೋಲುವುದಕ್ಕೆ ಕಾರಣವಾದ ವಂಶವಾಹಿಗಳು ಈ ಎಳೆಗಳಲ್ಲಿ ಸಾಲಾಗಿ ಅಡಗಿವೆ. ಎಳೆಗಳ ಒಟ್ಟು ಸಂಖ್ಯೆ 46. ತಾಯಿಯಿಂದ 23, ತಂದೆಯಿಂದ 23. ಇದು ಇಷ್ಟೇ ಎಂಬ ಲೆಕ್ಕ ಕೂಡ ಬಹಳ ಹಳೆಯದಲ್ಲ. ದಶಕಗಳ ಕಾಲ ವಿಜ್ಞಾನಿಗಳು 48 ಎಂದೇ ನಂಬಿದ್ದರು. ಸ್ವೀಡನ್ನಿನ ಲುಂಡ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಟಿಯೊ ಮತ್ತು ಲೆವಾನ್ ಎಂಬವರು ಸರಿಯಾದ ಎಣಿಕೆಯನ್ನು ಪ್ರಕಟಿಸಿದ್ದು 1956ರಲ್ಲಿ.

ಎಣಿಕೆ ಸರಿಯಾದ ಮೂರೇ ವರ್ಷಗಳಲ್ಲಿ ಇನ್ನೊಂದು ಗುಟ್ಟು ಬಯಲಾಯಿತು. ಕಣ್ಣು ತುಸು ಓರೆಯಾಗಿ, ಮುಖ ಚಪ್ಪಟೆಯಾಗಿ, ಮೈ ಸಡಿಲವಾಗಿ, ನಡಿಗೆ ಮಾತುಗಳು ನಿಧಾನವಾಗಿ ಬರುವ ಕೆಲವು ಮಕ್ಕಳನ್ನು ಇಂಗ್ಲೆಂಡಿನ ಡಾ. ಲ್ಯಾಂಗ್ಡನ್ ಡೌನ್ ಅವರು 1866ರಲ್ಲಿಯೇ ವರ್ಣಿಸಿದ್ದರು. ಕಾರಣ ಮಾತ್ರ ಯಾರಿಗೂ ತಿಳಿದಿರಲಿಲ್ಲ. 1959ರಲ್ಲಿ ಪ್ಯಾರಿಸ್ಸಿನ ಲೆಜೂನ್, ಮಾರ್ತ್ ಗೋತಿಯೆ ಮತ್ತು ತುರ್ಪ್ಯಾಂ ಅವರು ಇಂಥ ಮಕ್ಕಳ ಜೀವಕೋಶದಲ್ಲಿ 47 ಎಳೆಗಳಿರುವುದನ್ನು ತೋರಿಸಿಕೊಟ್ಟರು. ಇಪ್ಪತ್ತೊಂದನೆಯ ಜೋಡಿಯಲ್ಲಿ ಎರಡರ ಬದಲು ಮೂರು ಎಳೆ. ಡೌನ್ ಸಿಂಡ್ರೋಮ್ ಎನ್ನುವುದು ಇದನ್ನೇ. ಮರುವರ್ಷ, 1960ರಲ್ಲಿ, ಹದಿನೆಂಟನೆಯ ಎಳೆ ಮೂರಾದರೆ ಆಗುವ ಎಡ್ವರ್ಡ್ಸ್ ಸಿಂಡ್ರೋಮ್, ಹದಿಮೂರನೆಯದು ಮೂರಾದರೆ ಆಗುವ ಪಟಾವು ಸಿಂಡ್ರೋಮ್, ಇವೂ ಗೊತ್ತಾದವು.

ಹೆಸರುಗಳು ಒಂದೇ ಸಾಲಿನಲ್ಲಿ ಬಂದವೆಂದು ಇವೆಲ್ಲ ಒಂದೇ ತೂಕದವೆಂದು ತಿಳಿಯಬಾರದು. ಎಡ್ವರ್ಡ್ಸ್, ಪಟಾವು ಸಿಂಡ್ರೋಮುಗಳ ಮಕ್ಕಳಲ್ಲಿ ಹೆಚ್ಚಿನವರು ಗರ್ಭದಲ್ಲಿಯೋ ಹುಟ್ಟಿದ ಮೊದಲ ವರ್ಷದಲ್ಲಿಯೋ ತೀರಿಕೊಳ್ಳುತ್ತಾರೆ. ಡೌನ್ ಸಿಂಡ್ರೋಮಿನ ಮಕ್ಕಳು ಹಾಗಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುವುದುಂಟು. ಆದರೆ ಶಸ್ತ್ರಚಿಕಿತ್ಸೆಯೂ ಔಷಧವೂ ದೊರೆಯುವಲ್ಲಿ ಅವರ ಆಯುಸ್ಸು ಅರುವತ್ತರ ಸಮೀಪಕ್ಕೆ ಬಂದಿದೆ. ಇನ್ನು ಹೆಣ್ಣುಮಕ್ಕಳಲ್ಲಿ ಒಂದು ಲಿಂಗತಂತು ಕಡಿಮೆಯಾಗುವ ಟರ್ನರ್ ಸಿಂಡ್ರೋಮ್, ಗಂಡುಮಕ್ಕಳಲ್ಲಿ ಒಂದು ಹೆಚ್ಚಾಗುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇವೆ. ಕ್ಲೈನ್‌ಫೆಲ್ಟರ್ ಇರುವ ಎಷ್ಟೋ ಗಂಡಸರು ಮದುವೆಯಾಗಿ ಮಕ್ಕಳಾಗದೆ ವೈದ್ಯರಲ್ಲಿಗೆ ಹೋಗುವವರೆಗೆ ಅದನ್ನು ಅರಿಯದೆಯೇ ಬಾಳುತ್ತಾರೆ. ಆದುದರಿಂದ ‘ವರ್ಣತಂತುವಿನಲ್ಲಿ ತೊಂದರೆಯಿದೆ’ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ತೊಂದರೆ?’ ಎಂಬುದು.

ತಪ್ಪು ಯಾರದು?

ಯಾರದೂ ಅಲ್ಲ. ಈ ಮಾತನ್ನು ಮನೆಯ ಹಿರಿಯರು ಮುಖ್ಯವಾಗಿ ಗಮನಿಸಬೇಕು. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋದಳು, ಪಪಾಯಿ ತಿಂದಳು, ಸೊಸೆಯ ಜಾತಕವೇ ಹೀಗೆ, ಎಂಬ ಮಾತುಗಳು ನಮ್ಮಲ್ಲಿ ಇಂದಿಗೂ ಕೇಳಿಬರುತ್ತವೆ. ಎಳೆ ಹೆಚ್ಚಾಗುವುದು ಸಾಮಾನ್ಯವಾಗಿ ಗರ್ಭ ನಿಲ್ಲುವುದಕ್ಕೆ ಮೊದಲೇ, ಅಂಡವೋ ವೀರ್ಯಾಣುವೋ ತಯಾರಾಗುವಾಗ. ಆಮೇಲೆ ತಾಯಿ ಉಂಡದ್ದು, ಕಂಡದ್ದು, ನಡೆದದ್ದು ಯಾವುದೂ ಅದನ್ನು ಉಂಟುಮಾಡಲಾರದು.

ಇದು ನಡೆಯುವ ಬಗೆ ಹೀಗೆ. ಹೆಣ್ಣಿನ ಅಂಡಗಳೆಲ್ಲ ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಳ್ಳುತ್ತವೆ. ವಿಭಜನೆಯನ್ನು ಆರಂಭಿಸಿ, ಅರ್ಧದಲ್ಲಿಯೇ ನಿಂತು ಕಾಯುತ್ತವೆ. ಆಕೆಗೆ 20 ವರ್ಷವಾದಾಗ ಬಿಡುಗಡೆಯಾಗುವ ಅಂಡ 20 ವರ್ಷ ಕಾದದ್ದು. 40ರಲ್ಲಿ ಬಿಡುಗಡೆಯಾಗುವುದು 40 ವರ್ಷ ಕಾದದ್ದು. ಜೋಡಿ ಎಳೆಗಳು ಬೇರ್ಪಟ್ಟು ಒಂದೊಂದು ಒಂದೊಂದು ಕಡೆಗೆ ಹೋಗಬೇಕಾದ ಸಮಯದಲ್ಲಿ, ಬಹುಕಾಲ ಕಾದ ಅಂಡದಲ್ಲಿ ಎರಡೂ ಒಂದೇ ಕಡೆಗೆ ಸರಿಯುವ ಸಂಭವ ಹೆಚ್ಚು. ಇಪ್ಪತ್ತರ ತಾಯಿಗೆ ಡೌನ್ ಸಿಂಡ್ರೋಮಿನ ಮಗು ಹುಟ್ಟುವ ಸಂಭವ ಸುಮಾರು 1,500ಕ್ಕೆ ಒಂದು. ಮೂವತ್ತೈದಕ್ಕೆ ಸುಮಾರು 350ಕ್ಕೆ ಒಂದು. ನಲವತ್ತಕ್ಕೆ ಸುಮಾರು 100ಕ್ಕೆ ಒಂದು. ಹಾಗೆಂದು ಎಳೆಯ ತಾಯಂದಿರು ನಿಶ್ಚಿಂತರಾಗಿರಬಹುದೆಂದಲ್ಲ. ಹೆರಿಗೆಗಳಲ್ಲಿ ಬಹುಪಾಲು ಎಳೆಯ ವಯಸ್ಸಿನವರದಾದುದರಿಂದ ಡೌನ್ ಸಿಂಡ್ರೋಮಿನ ಮಕ್ಕಳಲ್ಲಿಯೂ ಬಹುಪಾಲು ಅವರಿಗೇ ಹುಟ್ಟಿದವರು.

ನಮ್ಮ ನಾಡಿನಲ್ಲಿ ಕೂಡಲೇ ಏಳುವ ಇನ್ನೊಂದು ಸಂದೇಹ ಸಂಬಂಧದೊಳಗಿನ ಮದುವೆಯದು. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲೊಂದು ಪಾಲು ತಂದೆತಾಯಿಗಳು ರಕ್ತಸಂಬಂಧಿಗಳೆಂದು ಕಂಡುಬಂದಿತ್ತು. ಇಂಥ ಮದುವೆಗಳಿಂದ ಬೇರೊಂದು ಬಗೆಯ ಅನುವಂಶಿಕ ರೋಗಗಳು ಹೆಚ್ಚುತ್ತವೆಂಬುದು ನಿಜ. ತಂದೆ ತಾಯಿ ಇಬ್ಬರಲ್ಲಿಯೂ ಒಂದೇ ಬಗೆಯ ದೋಷದ ವಂಶವಾಹಿ ಅಡಗಿದ್ದು, ಮಗುವಿನಲ್ಲಿ ಎರಡೂ ಒಂದುಗೂಡುವ ರೋಗಗಳವು. ಎಳೆಗಳ ಎಣಿಕೆಯೇ ತಪ್ಪುವುದು ಬೇರೆ ಸಂಗತಿ. ಅದು ಸಾಮಾನ್ಯವಾಗಿ ಆಕಸ್ಮಿಕ. ದೂರದ ಊರಿನಿಂದ, ಸಂಬಂಧವೇ ಇಲ್ಲದ ಮನೆಯಿಂದ ಹೆಣ್ಣು ತಂದವರಲ್ಲಿಯೂ ಅದು ಆಗುತ್ತದೆ.

ಒಂದು ಅಪವಾದವನ್ನು ಮಾತ್ರ ನೆನಪಿಡಬೇಕು. ಡೌನ್ ಸಿಂಡ್ರೋಮಿನಲ್ಲಿ ನೂರಕ್ಕೆ ಮೂರು ನಾಲ್ಕು ಪ್ರಕರಣಗಳಲ್ಲಿ ಹೆಚ್ಚಿನ ಎಳೆ ಬಿಡಿಯಾಗಿರದೆ ಇನ್ನೊಂದು ಎಳೆಗೆ ಅಂಟಿಕೊಂಡಿರುತ್ತದೆ. ಇವುಗಳಲ್ಲಿ ಕೆಲವು ತಾಯಿ ಅಥವಾ ತಂದೆಯಿಂದ ಬಂದವಾಗಿರಬಹುದು; ಅವರು ಮಾತ್ರ ಪೂರ್ಣ ಆರೋಗ್ಯವಂತರು. ಹೀಗಿರುವಲ್ಲಿ ಮುಂದಿನ ಬಸಿರಿನಲ್ಲಿಯೂ ಅದು ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ಮನೆಯಲ್ಲಿ ಒಂದು ಮಗುವಿಗೆ ಡೌನ್ ಸಿಂಡ್ರೋಮ್ ಇದ್ದರೆ ಆ ಮಗುವಿನ ವರ್ಣತಂತು ಪರೀಕ್ಷೆಯ ಕಾಗದವನ್ನು ಜೋಪಾನವಾಗಿಡಿ. ಮುಂದಿನ ಮಗುವಿನ ಬಗೆಗೆ ವೈದ್ಯರು ಏನು ಹೇಳಬಲ್ಲರೆಂಬುದು ಆ ಕಾಗದವನ್ನು ಅವಲಂಬಿಸಿದೆ.

ಸೂಚನೆ ಬೇರೆ, ನಿಶ್ಚಯ ಬೇರೆ

ಪರೀಕ್ಷೆಗಳಲ್ಲಿ ಎರಡು ಜಾತಿ. ಮೊದಲನೆಯದು ಸೂಚನೆಯ ಪರೀಕ್ಷೆ. ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ ಸ್ಕ್ಯಾನಿಂಗ್ ಮಾಡಿ ಭ್ರೂಣದ ಕತ್ತಿನ ಹಿಂಭಾಗದ ನೀರಿನ ಪದರವನ್ನು ಅಳೆಯುತ್ತಾರೆ. ತಾಯಿಯ ರಕ್ತದಲ್ಲಿ ಕೆಲವು ವಸ್ತುಗಳ ಪ್ರಮಾಣವನ್ನು ನೋಡುತ್ತಾರೆ. ವಯಸ್ಸನ್ನು ಸೇರಿಸಿ ಒಂದು ಅಂಕಿ ಕೊಡುತ್ತಾರೆ. ಎರಡನೆಯದು ನಿಶ್ಚಯದ ಪರೀಕ್ಷೆ. ಸುಮಾರು ಹನ್ನೊಂದನೆಯ ವಾರದಿಂದ ಮಾಸಿನ ಚೂರನ್ನೋ, ಹದಿನೈದನೆಯ ವಾರ ಕಳೆದ ಮೇಲೆ ಗರ್ಭದ ನೀರನ್ನೋ ಸೂಜಿಯಿಂದ ತೆಗೆದು, ಮಗುವಿನ ಎಳೆಗಳನ್ನೇ ಎಣಿಸುತ್ತಾರೆ. ಇದರಿಂದ ಗರ್ಭಪಾತವಾಗುವ ಅಪಾಯ ಅಲ್ಪವಾದರೂ ಉಂಟು. ನುರಿತ ಕೈಗಳಲ್ಲಿ ಸಾವಿರಕ್ಕೆ ಕೆಲವೇ ಕೆಲವು.

ಮೊದಲನೆಯದನ್ನು ಎರಡನೆಯದೆಂದು ತಿಳಿಯುವುದರಿಂದ ಎಷ್ಟೋ ಮನೆಗಳಲ್ಲಿ ಅನಾವಶ್ಯಕ ದುಃಖವುಂಟಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಹತ್ತು ಸಾವಿರ ಗರ್ಭಿಣಿಯರಿದ್ದಾರೆ. ಅವರಲ್ಲಿ ಹತ್ತು ಮಂದಿಯ ಶಿಶುವಿಗೆ ಡೌನ್ ಸಿಂಡ್ರೋಮ್ ಇದೆ ಎಂದುಕೊಳ್ಳಿ. ಸೂಚನೆಯ ಪರೀಕ್ಷೆ ನೂರಕ್ಕೆ ತೊಂಬತ್ತರಷ್ಟನ್ನು ಹಿಡಿಯುತ್ತದೆ. ಆದರೆ ಏನೂ ಇಲ್ಲದವರಲ್ಲಿಯೂ ನೂರಕ್ಕೆ ಐವರನ್ನು ‘ಹೈ ರಿಸ್ಕ್’ ಎನ್ನುತ್ತದೆ. ಎಂದರೆ ಹತ್ತರಲ್ಲಿ ಒಂಬತ್ತು ಸಿಕ್ಕುತ್ತವೆ, ಒಂದು ತಪ್ಪಿಹೋಗುತ್ತದೆ, ಮತ್ತು ಸುಮಾರು ಐನೂರು ಮಂದಿ ತಾಯಂದಿರು ಕಾರಣವಿಲ್ಲದೆ ಹೆದರುತ್ತಾರೆ. ವರದಿಯಲ್ಲಿ 180ಕ್ಕೆ 1 ಎಂದಿದ್ದರೆ, ಅಂಥ 180 ತಾಯಂದಿರಲ್ಲಿ 179 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇಲ್ಲ ಎಂದೇ ಅರ್ಥ.

ಈಚಿನ ವರ್ಷಗಳಲ್ಲಿ ಇನ್ನೊಂದು ರಕ್ತಪರೀಕ್ಷೆ ಬಂದಿದೆ. ತಾಯಿಯ ರಕ್ತದಲ್ಲಿ ಗರ್ಭದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆಂದು ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಅದರ ಆಧಾರದಿಂದ ಹುಟ್ಟಿದ ಪರೀಕ್ಷೆಗೆ ಎನ್‌ಐಪಿಟಿ ಎಂದು ಹೆಸರು. ಹತ್ತನೆಯ ವಾರದಿಂದ ಮಾಡಬಹುದು. ಸೂಜಿ ಚುಚ್ಚುವುದು ತಾಯಿಯ ತೋಳಿಗೆ ಮಾತ್ರ. ಡೌನ್ ಸಿಂಡ್ರೋಮನ್ನು ನೂರಕ್ಕೆ 99ರಷ್ಟು ಹಿಡಿಯುತ್ತದೆ ಎಂಬುದು ಸರಿ. ಆದರೂ ಇದು ಸೂಚನೆಯ ಜಾತಿಯದೇ. ಮೇಲಿನ ಹತ್ತು ಸಾವಿರ ಮಂದಿಯಲ್ಲಿ, ಏನೂ ಇಲ್ಲದವರಲ್ಲಿ ಸಾವಿರಕ್ಕೆ ಒಬ್ಬರಂತೆ ತಪ್ಪು ಸೂಚನೆ ಬಂದರೂ ಹತ್ತು ತಪ್ಪುಗಳಾಗುತ್ತವೆ. ಸಿಕ್ಕಿದ ಹತ್ತು ನಿಜ, ಸಿಕ್ಕಿದ ಹತ್ತು ಸುಳ್ಳು! ವಯಸ್ಸು ಹೆಚ್ಚಿದವರಲ್ಲಿ ನಿಜದ ಪಾಲು ಹೆಚ್ಚು. ಎಳೆಯರಲ್ಲಿ ಸುಳ್ಳಿನ ಪಾಲು ಕಡಿಮೆಯೇನಲ್ಲ. ಆದುದರಿಂದ ಸೂಚನೆಯ ಪರೀಕ್ಷೆಯೊಂದನ್ನೇ ನಂಬಿ ಗರ್ಭವನ್ನು ತೆಗೆಸುವುದು ಎಂದಿಗೂ ಸಲ್ಲದು. ನಿಶ್ಚಯದ ಪರೀಕ್ಷೆಯಾಗಬೇಕು.

ಕಾಯಿದೆ ಏನೆನ್ನುತ್ತದೆ?

1994ರ ಕಾಯಿದೆಯ ಪ್ರಕಾರ ಇಂಥ ಪರೀಕ್ಷೆ ನೋಂದಾಯಿತ ಕೇಂದ್ರದಲ್ಲಿಯೇ ನಡೆಯಬೇಕು. ಗರ್ಭಿಣಿಗೆ 35 ವರ್ಷ ಮೀರಿರುವುದು, ಎರಡು ಅಥವಾ ಹೆಚ್ಚು ಸಲ ಗರ್ಭ ನಷ್ಟವಾಗಿರುವುದು, ಅಪಾಯಕರ ಔಷಧ, ವಿಕಿರಣ ಅಥವಾ ಸೋಂಕಿಗೆ ಒಳಗಾಗಿರುವುದು, ಕುಟುಂಬದಲ್ಲಿ ಬುದ್ಧಿಮಾಂದ್ಯ ಅಥವಾ ಅನುವಂಶಿಕ ರೋಗವಿರುವುದು, ಇಂಥ ಕಾರಣವೊಂದು ಇರಬೇಕು. ಪರೀಕ್ಷೆಯ ಸಾಧಕ ಬಾಧಕಗಳನ್ನು ಆಕೆಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಯ ಕೈಗೆ ಕೊಡಬೇಕು. ಎಂದರೆ, ಕನ್ನಡ ಬಲ್ಲ ತಾಯಿ ಕನ್ನಡದಲ್ಲಿಯೇ ಒಪ್ಪಿಗೆಯ ಪತ್ರವನ್ನು ಕೇಳಬಹುದು. ಅದು ಆಕೆಯ ಹಕ್ಕು. ಲಿಂಗವನ್ನು ಮಾತ್ರ ಯಾವ ಕಾರಣಕ್ಕೂ ತಿಳಿಸುವಂತಿಲ್ಲ. ಟರ್ನರ್, ಕ್ಲೈನ್‌ಫೆಲ್ಟರ್ ಎಂಬ ಹೆಸರು ಹೇಳಿದರೆ ಲಿಂಗವನ್ನೂ ಹೇಳಿದಂತೆಯೇ. ಇದು ವೈದ್ಯರಿಗೆ ನಿಜವಾದ ಒಂದು ತೊಡಕು.

ಗರ್ಭ ತೆಗೆಸುವುದನ್ನು ಕುರಿತದ್ದು 1971ರ ಕಾಯಿದೆ. ಮೊದಲು ಅದರ ಮೇರೆ 20 ವಾರ. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಏನಾದರೂ ಕಂಡು, ನಿಶ್ಚಯದ ಪರೀಕ್ಷೆಯ ಫಲ ಬರುವಷ್ಟರಲ್ಲಿ ಆ ಮೇರೆ ಮೀರಿಹೋಗುತ್ತಿತ್ತು. ತಾಯಂದಿರು ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಗುತ್ತಿತ್ತು. 2017ರ ಫೆಬ್ರವರಿಯಲ್ಲಿ ಇಂಥದೊಂದು ಮೊರೆ ಸುಪ್ರೀಂ ಕೋರ್ಟಿಗೆ ಬಂದಿತು. ಇಪ್ಪತ್ತಾರು ವಾರದ ಗರ್ಭ, ಶಿಶುವಿಗೆ ಡೌನ್ ಸಿಂಡ್ರೋಮ್. ಗರ್ಭ ಮುಂದುವರಿದರೆ ತಾಯಿಯ ಜೀವಕ್ಕೆ ಅಪಾಯವಿಲ್ಲವೆಂದು ವೈದ್ಯಕೀಯ ಮಂಡಳಿ ತಿಳಿಸಿದುದರಿಂದ ನ್ಯಾಯಾಲಯ ಅನುಮತಿ ಕೊಡಲಿಲ್ಲ.

2021ರ ತಿದ್ದುಪಡಿಯಿಂದ ಸ್ಥಿತಿ ಬದಲಾಗಿದೆ. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಶಿಶುವಿನ ತೀವ್ರ ದೋಷವೂ ಸೇರಿದಂತೆ ಗೊತ್ತುಪಡಿಸಿದ ಸಂದರ್ಭಗಳಲ್ಲಿ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, 24 ವಾರದವರೆಗೆ ಅವಕಾಶವುಂಟು. ಅದರಾಚೆಗೆ, ಶಿಶುವಿನಲ್ಲಿ ಗಣನೀಯ ದೋಷವಿದೆಯೆಂದು ಸರಕಾರ ನೇಮಿಸಿದ ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ವಾರಗಳ ಮೇರೆ ಅನ್ವಯಿಸುವುದಿಲ್ಲ. ಕೋರಿಕೆ ಬಂದ ಮೂರು ದಿನಗಳಲ್ಲಿ ಮಂಡಳಿ ಅಭಿಪ್ರಾಯ ಕೊಡಬೇಕು. ಗಣನೀಯ ದೋಷವೆಂದರೆ ಯಾವುದು ಎಂಬ ಪಟ್ಟಿ ಕಾಯಿದೆಯಲ್ಲಿಲ್ಲ. ಒಂದೊಂದು ಪ್ರಕರಣವನ್ನೂ ಅದರದರ ಮೇಲೆ ತೂಗಬೇಕು. ವಯಸ್ಕಳಾದ ಸ್ತ್ರೀಯ ಗರ್ಭದ ವಿಷಯದಲ್ಲಿ ಬೇಕಾದುದು ಆಕೆಯ ಒಪ್ಪಿಗೆಯೊಂದೇ. ಗಂಡನ ರುಜುವಾಗಲಿ ಅತ್ತೆಮಾವಂದಿರ ಸಮ್ಮತಿಯಾಗಲಿ ಕಾಯಿದೆ ಕೇಳುವುದಿಲ್ಲ.

ಧರ್ಮಸಂಕಟ

ಕಾಯಿದೆ ‘ಮಾಡಬಹುದು’ ಎಂದು ಹೇಳಬಲ್ಲದು. ‘ಮಾಡಬೇಕು’ ಎಂದಾಗಲಿ ‘ಮಾಡಬಾರದು’ ಎಂದಾಗಲಿ ಹೇಳಲಾರದು. ಅಲ್ಲಿಂದ ಮುಂದಿನದು ಮನಸ್ಸಾಕ್ಷಿಯ ವಿಷಯ.

ಹೆಚ್ಚಿನ ಎಳೆಯನ್ನು ಲೋಕಕ್ಕೆ ತೋರಿಸಿದವರಲ್ಲೊಬ್ಬರಾದ ಲೆಜೂನ್ ಅವರೇ, ತಮ್ಮ ಶೋಧ ಗರ್ಭಪಾತಕ್ಕೆ ಬಳಕೆಯಾಗುವುದನ್ನು ಕಡೆಯವರೆಗೂ ವಿರೋಧಿಸಿದರು. ಅದೇ ಶೋಧವನ್ನು ಆಧರಿಸಿ, ಡೆನ್ಮಾರ್ಕಿನಲ್ಲಿ 2004ರಿಂದ ಎಲ್ಲ ಗರ್ಭಿಣಿಯರಿಗೂ ಸೂಚನೆಯ ಪರೀಕ್ಷೆಯನ್ನು ಒದಗಿಸಲು ತೊಡಗಿದರು. ಡೌನ್ ಸಿಂಡ್ರೋಮಿನ ಮಕ್ಕಳ ಜನನ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಒಂದೊಂದು ಮನೆಯೂ ತನ್ನ ಮಟ್ಟಿಗೆ ಸ್ವತಂತ್ರವಾಗಿ ನಿರ್ಧರಿಸಿದರೂ, ಎಲ್ಲ ನಿರ್ಧಾರಗಳೂ ಕೂಡಿ ಒಂದು ಬಗೆಯ ಜನರೇ ಕಡಿಮೆಯಾಗುತ್ತಾರೆ. ಈಗ ನಮ್ಮ ನಡುವೆ ಬಾಳುತ್ತಿರುವ ಡೌನ್ ಸಿಂಡ್ರೋಮಿನವರಿಗೆ ಇದು ಏನೆಂದು ಕೇಳಿಸೀತು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಕಡೆಯ ಮಾತಿಗೂ ಅಷ್ಟೇ ತೂಕವಿದೆ. ಜೀವಮಾನವಿಡೀ ಆ ಮಗುವಿನ ಆರೈಕೆಯ ಹೊರೆ ನಮ್ಮ ಸಮಾಜದಲ್ಲಿ ಬೀಳುವುದು ಹೆಚ್ಚಾಗಿ ತಾಯಿಯ ಮೇಲೆಯೇ. ‘ನಾವು ಹೋದ ಮೇಲೆ ಇದಕ್ಕೆ ಯಾರು ಗತಿ?’ ಎಂಬುದು ಇಂಥ ಪ್ರತಿಯೊಂದು ಮನೆಯ ರಾತ್ರಿಯ ಚಿಂತೆ. ಕೆಲಸ ಬಿಡಬೇಕಾಗಬಹುದು, ಉಳಿದ ಮಕ್ಕಳ ಪಾಲು ಕುಗ್ಗಬಹುದು. ಹುಟ್ಟಿದರೂ ಹೆಚ್ಚು ದಿನ ಬದುಕದ ಮಗುವನ್ನು ಹೊತ್ತು ಒಂಬತ್ತು ತಿಂಗಳು ತುಂಬಿಸಬೇಕೆಂದು ಯಾರಾದರೂ ಒಬ್ಬಳು ತಾಯಿಗೆ ಆಜ್ಞೆ ಮಾಡುವುದಾದರೂ ಹೇಗೆ? ಇದೇ ಸ್ಥಿತಿಯಲ್ಲಿ, ‘ಇರುವಷ್ಟು ದಿನ ಇರಲಿ, ನನ್ನ ಕೈಯಲ್ಲಿ ಹೋಗಲಿ’ ಎನ್ನುವ ತಾಯಂದಿರೂ ಇದ್ದಾರೆ. ಅವರನ್ನು ಹಠಮಾರಿಗಳೆನ್ನುವುದಕ್ಕೂ ನಮಗೆ ಅಧಿಕಾರವಿಲ್ಲ.

ಆದುದರಿಂದ ಅನುವಂಶಿಕ ಸಲಹೆ ಕೊಡುವ ವೈದ್ಯರು ಒಂದು ನಿಯಮವನ್ನು ಪಾಲಿಸುತ್ತಾರೆ: ತಿಳಿಸುವುದು ತಮ್ಮ ಕೆಲಸ, ತೀರ್ಮಾನ ಹೇಳುವುದಲ್ಲ. ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಡಾಕ್ಟರೇ?’ ಎಂದು ಕೇಳಿದಾಗ ಅವರು ಸುಮ್ಮನಾದರೆ, ಅದನ್ನು ನಿರ್ಲಕ್ಷ್ಯವೆಂದು ತಿಳಿಯಬೇಡಿ.

ಈಗ ಮಾಡಬೇಕಾದುದು

ವರದಿ ಬಂದರೆ ಆ ದಿನವೇ ಏನನ್ನೂ ನಿರ್ಧರಿಸಬೇಡಿ. ಆದರೆ ವಾರಗಳನ್ನು ಎಣಿಸುತ್ತಿರಿ, ಕಾಲ ಕಳೆಯಬೇಡಿ. ತಾಯಿ ಕಾರ್ಡನ್ನೂ ಹಿಂದಿನ ವರದಿಗಳೆಲ್ಲವನ್ನೂ ತೆಗೆದುಕೊಂಡು ಅನುವಂಶಿಕ ಸಲಹೆ ದೊರೆಯುವ ಕಡೆಗೆ ಹೋಗಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಎಚ್. ಶರತ್‌ಚಂದ್ರ ಅವರು ಕಟ್ಟಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಕೋಗಿಲಿನವರಿಗೆ ಅದು ಪಟ್ಟಣದ ಇನ್ನೊಂದು ಕೊನೆ; ಆದರೂ ಹೋಗಿಬರುವ ಶ್ರಮ ವ್ಯರ್ಥವಾಗದು. ವೈದ್ಯರಿಗೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಇದು ಸೂಚನೆಯೋ ನಿಶ್ಚಯವೋ? ಯಾವ ಎಳೆಯಲ್ಲಿ ವ್ಯತ್ಯಾಸ? ಮಗುವಿನ ಹೃದಯವನ್ನು ನೋಡಿದ್ದಾಯಿತೆ? ಮುಂದಿನ ಪರೀಕ್ಷೆಯ ಫಲ ಎಷ್ಟು ದಿನಕ್ಕೆ ಬರುತ್ತದೆ, ಆಗ ನನಗೆ ಎಷ್ಟು ವಾರವಾಗಿರುತ್ತದೆ? ನನ್ನ ಮತ್ತು ಯಜಮಾನರ ವರ್ಣತಂತುಗಳನ್ನೂ ನೋಡಬೇಕೆ?

ಸಾಧ್ಯವಾದರೆ, ಡೌನ್ ಸಿಂಡ್ರೋಮಿನ ಮಗುವನ್ನು ಸಾಕುತ್ತಿರುವ ಒಂದು ಮನೆಯವರೊಡನೆ ಮಾತಾಡಿ. ಪುಸ್ತಕದಲ್ಲಿ ಇಲ್ಲದ್ದು ಅಲ್ಲಿ ತಿಳಿಯುತ್ತದೆ, ಕಷ್ಟವೂ ಸಂತೋಷವೂ.

ಮಗುವನ್ನು ಬರಮಾಡಿಕೊಳ್ಳುವುದೆಂದು ನಿರ್ಧರಿಸಿದವರು ಹೆರಿಗೆಗೆ ಮೊದಲೇ ಸಿದ್ಧರಾಗಬಹುದು. ಹೃದಯದ ಚಿಕಿತ್ಸೆಗೆ ಜಯದೇವ ಸಂಸ್ಥೆಯಿದೆ. ಮಕ್ಕಳಿಗಾಗಿಯೇ ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಸೇರಿದೆ. ಮೊದಲ ತಿಂಗಳುಗಳಿಂದಲೇ ವ್ಯಾಯಾಮ, ಮಾತಿನ ಅಭ್ಯಾಸ, ಕಿವಿ ಕಣ್ಣು ಥೈರಾಯಿಡ್‌ಗಳ ತಪಾಸಣೆ ನಡೆದರೆ ಮಗು ಕಲಿಯುವುದು ಬಹಳ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬೌದ್ಧಿಕ ನ್ಯೂನತೆಯನ್ನೂ ಒಪ್ಪಿಕೊಂಡಿದೆ. ಅದರ ಗುರುತಿನ ಚೀಟಿಯನ್ನು ಮಾಡಿಸಿಟ್ಟುಕೊಂಡರೆ ಶಾಲೆಗೂ ಸವಲತ್ತುಗಳಿಗೂ ನೆರವಾಗುತ್ತದೆ.

ಗರ್ಭವನ್ನು ಮುಂದುವರಿಸದಿರಲು ನಿರ್ಧರಿಸಿದ ತಾಯಿಯೂ ಒಂದು ಮಗುವನ್ನು ಕಳೆದುಕೊಂಡವಳೇ. ಆಕೆಗೂ ವಿಶ್ರಾಂತಿ ಬೇಕು, ಆರೈಕೆ ಬೇಕು, ಅಳುವುದಕ್ಕೆ ಬಿಡುವು ಬೇಕು. ‘ಆದದ್ದು ಆಯಿತು, ಬೇಗ ಇನ್ನೊಂದಾಗಲಿ’ ಎಂಬ ಮಾತನ್ನು ಮನೆಯವರು ಕೆಲವು ಕಾಲವಾದರೂ ನಾಲಗೆಯ ಮೇಲೆ ತರದಿರುವುದು ಒಳ್ಳೆಯದು. ಆಕೆಯ ಗಂಡನೂ ಆ ದಿನಗಳಲ್ಲಿ ರಜ ಹಾಕಿ ಮನೆಯಲ್ಲಿರಲಿ.